ಕುಂಡದ ಗಿಡಕ್ಕೆ ಎಷ್ಟು ನೀರು: ತೂಗಿ ನೋಡಿ ಹೇಳುವವರು ಬೇಕು

ಮಾನ್ಯ ಸಂಪಾದಕರೇ,

ಬೇಸಿಗೆ ಬಂತೆಂದರೆ ತಮ್ಮ ಪತ್ರಿಕೆಯೂ ಸೇರಿದಂತೆ ಎಲ್ಲ ಪತ್ರಿಕೆಗಳಲ್ಲೂ ತಾರಸಿ ತೋಟಕ್ಕೆ ನೀರುಣಿಸುವ ಬಗ್ಗೆ ಸಲಹೆಗಳು ಪ್ರಕಟವಾಗುತ್ತವೆ. ಕುಂಡವೊಂದಕ್ಕೆ ದಿನಕ್ಕೆ ಅರ್ಧ ಲೀಟರ್ ಸಾಕೆಂದು ಒಬ್ಬರು ಬರೆದರೆ, ಬೆಳಿಗ್ಗೆ ಸಂಜೆ ಎರಡು ಹೊತ್ತೂ ಹಾಕಬೇಕೆಂದು ಇನ್ನೊಬ್ಬರು ಬರೆಯುತ್ತಾರೆ. ಬೆರಳಿಟ್ಟು ಹದ ನೋಡಿಕೊಳ್ಳಿ ಎಂದು ಹೇಳಿ ಮತ್ತೊಬ್ಬರು ಸುಮ್ಮನಾಗುತ್ತಾರೆ. ಗಿಡ ಯಾವುದು, ಕುಂಡದ ಅಗಲವೆಷ್ಟು, ಒಳಗಿರುವುದು ಕೆಮ್ಮಣ್ಣೋ ತೆಂಗಿನ ನಾರಿನ ಪುಡಿಯಾದ ಕೊಕೊಪೀಟೋ, ಬಿಸಿಲು ಎಷ್ಟು ಹೊತ್ತು ಬೀಳುತ್ತದೆ ಎಂಬ ಯಾವ ವಿವರವೂ ಇಲ್ಲದೆ ಕೊಡುವ ಲೀಟರುಗಳ ಲೆಕ್ಕವನ್ನು ಓದುಗರು ನಂಬುವುದಾದರೂ ಹೇಗೆ? ಈ ಲೆಕ್ಕವನ್ನು ಊಹೆಗೆ ಬಿಡಬೇಕಾದ ಅಗತ್ಯವೇ ಇಲ್ಲ. ಹೊಲದ ಬೆಳೆಯ ವಿಷಯದಲ್ಲಿ ಕಷ್ಟವಾದದ್ದು ಕುಂಡದ ವಿಷಯದಲ್ಲಿ ಸುಲಭ, ಏಕೆಂದರೆ ಕುಂಡವನ್ನು ಎತ್ತಿ ತೂಗಬಹುದು. ನಮ್ಮ ಕೃಷಿ ವಿಶ್ವವಿದ್ಯಾಲಯಗಳೂ ತೋಟಗಾರಿಕೆ ಇಲಾಖೆಯೂ ಸೇರಿ ಸ್ವಯಂಚಾಲಿತ ತೂಕದ ವ್ಯವಸ್ಥೆಯಿಂದ ಕುಂಡದ ಗಿಡಗಳ ನೀರಿನ ಬಳಕೆಯನ್ನು ದಿನವೂ ಅಳೆದು ಸಾರ್ವಜನಿಕರಿಗೆ ಒದಗಿಸಬೇಕೆಂಬುದು ಈ ಪತ್ರದ ಕೋರಿಕೆ. ದೊಡ್ಡಬಳ್ಳಾಪುರದ ಕಡೆ ಒಂದು ಸಣ್ಣ ನರ್ಸರಿ ನಡೆಸುತ್ತಿರುವ ನನಗೆ ಇದರಲ್ಲಿ ಸ್ವಂತದ ಹಿತಾಸಕ್ತಿಯೂ ಇದೆ ಎಂಬುದನ್ನು ಮೊದಲೇ ಹೇಳಿಬಿಡುತ್ತೇನೆ.

2024ರ ಮಾರ್ಚಿನಲ್ಲಿ ಬೆಂಗಳೂರು ಜಲಮಂಡಳಿಯು ಕೈತೋಟ, ವಾಹನ ತೊಳೆಯುವಿಕೆ, ಕಟ್ಟಡ ಕಾಮಗಾರಿ, ಕಾರಂಜಿ ಮುಂತಾದವಕ್ಕೆ ಕುಡಿಯುವ ನೀರನ್ನು ಬಳಸಬಾರದೆಂದು ಆದೇಶಿಸಿ, ಮೀರಿದವರಿಗೆ 5,000 ರೂಪಾಯಿ ದಂಡ ವಿಧಿಸುವುದಾಗಿ ಹೇಳಿತು. ಸುಮಾರು 100 ಕಿಲೋಮೀಟರ್ ದೂರದಿಂದ ಹಂತ ಹಂತವಾಗಿ ಮೇಲೆತ್ತಿ ತರುವ ಕಾವೇರಿ ನೀರನ್ನು ಗಿಡಕ್ಕೆ ಸುರಿಯುವುದು ಸರಿಯಲ್ಲವೆಂಬುದನ್ನು ನಾನು ಒಪ್ಪುತ್ತೇನೆ. ಆದೇಶದ ಬಗ್ಗೆ ನನ್ನ ತಕರಾರಿಲ್ಲ. ಆದರೆ ಅಂದಿನಿಂದ ನಮ್ಮಲ್ಲಿಗೆ ಸಸಿ ಕೊಳ್ಳಲು ಬರುವವರು ಕೇಳುವ ಪ್ರಶ್ನೆ ಬದಲಾಗಿದೆ. ಅಕ್ಕಿ, ತರಕಾರಿ ತೊಳೆದ ನೀರು ದಿನಕ್ಕೆ ಎರಡು ಬಕೆಟ್ ಸಿಗುತ್ತದೆ, ಅದರಲ್ಲಿ ಎಷ್ಟು ಕುಂಡ ಸಾಕಬಹುದು ಎಂದು ಅವರು ಕೇಳುತ್ತಾರೆ. ಇದು ಬಹಳ ಒಳ್ಳೆಯ ಪ್ರಶ್ನೆ, ಮತ್ತು ಇದಕ್ಕೆ ನಮ್ಮ ರಾಜ್ಯದ ಯಾವ ಕರಪತ್ರದಲ್ಲೂ ಅಳೆದು ಕೊಟ್ಟ ಉತ್ತರ ನನ್ನ ಕಣ್ಣಿಗೆ ಬಿದ್ದಿಲ್ಲ.

ತೂಕದ ವಿಧಾನ ಸರಳವಾದದ್ದು. ಕುಂಡಕ್ಕೆ ತಳದ ತೂತಿನಿಂದ ಹರಿಯುವಷ್ಟು ನೀರು ಹಾಕಿ, ಹೆಚ್ಚಾದದ್ದು ಪೂರ್ತಿ ಬಸಿದುಹೋದ ಮೇಲೆ ತೂಗಬೇಕು. ಮರುದಿನ ಅದೇ ಹೊತ್ತಿಗೆ ಮತ್ತೆ ತೂಗಿದಾಗ ಕಡಿಮೆಯಾದ ಪ್ರತಿ ಗ್ರಾಂ ತೂಕವೂ ಒಂದು ಮಿಲಿಲೀಟರ್ ನೀರು ಗಾಳಿಗೆ ಸೇರಿದ್ದರ ಲೆಕ್ಕ. ಅದರಲ್ಲಿ ಎಲೆಗಳ ಮೂಲಕ ಹೋದದ್ದೂ ಮಣ್ಣಿನ ಮೇಲ್ಮೈಯಿಂದ ಆವಿಯಾದದ್ದೂ ಸೇರಿರುತ್ತದೆ. ಎರಡನ್ನೂ ಬೇರ್ಪಡಿಸಬೇಕಾದರೆ ಕುಂಡದ ಬಾಯಿಯನ್ನು ಕಾಂಡದ ಸುತ್ತ ಪ್ಲಾಸ್ಟಿಕ್ಕಿನಿಂದ ಮುಚ್ಚಬೇಕು, ಇಲ್ಲವೇ ಗಿಡವಿಲ್ಲದ, ಅದೇ ಮಿಶ್ರಣ ತುಂಬಿದ ಕುಂಡವೊಂದನ್ನು ಪಕ್ಕದಲ್ಲಿಟ್ಟು ತೂಗಬೇಕು. ಇಂಗ್ಲೆಂಡಿನ ಪಾದ್ರಿ ಸ್ಟೀಫನ್ ಹೇಲ್ಸ್ 1724ರಲ್ಲಿ ಮಾಡಿದ್ದು ಇದನ್ನೇ. ಮೂರೂವರೆ ಅಡಿ ಎತ್ತರದ ಸೂರ್ಯಕಾಂತಿ ಗಿಡವಿದ್ದ ಕುಂಡದ ಬಾಯಿಯನ್ನು ಸೀಸದ ತೆಳು ತಗಡಿನಿಂದ ಮುಚ್ಚಿ, ಬೆಳಿಗ್ಗೆ ಸಂಜೆ ತೂಗಿ, ಅದು ಹಗಲಿನ ಹನ್ನೆರಡು ಗಂಟೆಗಳಲ್ಲಿ ಸರಾಸರಿ ಅರ್ಧ ಲೀಟರಿಗಿಂತ ತುಸು ಹೆಚ್ಚು ನೀರನ್ನು ಗಾಳಿಗೆ ಬಿಡುತ್ತದೆಂದು ಆತ ಕಂಡುಕೊಂಡ. ನಮ್ಮ ದೇಶದಲ್ಲೂ ಇದು ಹೊಸದಲ್ಲ. ಬಿಹಾರದ ಪೂಸಾದಲ್ಲಿ ಜೆ. ವಾಲ್ಟರ್ ಲೆದರ್ ಎಂಬ ಕೃಷಿ ರಸಾಯನ ವಿಜ್ಞಾನಿ ಭಾರತದ ಬೆಳೆಗಳ ನೀರಿನ ಅಗತ್ಯವನ್ನು ಕುಂಡಗಳಲ್ಲಿ ಅಳೆದು 1910 ಮತ್ತು 1911ರಲ್ಲೇ ವರದಿ ಪ್ರಕಟಿಸಿದ್ದರು.

ಕೈಯಿಂದ ತೂಗುವಾಗ ದಿನಕ್ಕೆ ಒಂದೋ ಎರಡೋ ಅಂಕಿ ಸಿಗುತ್ತದೆ, ಅದೂ ತೂಗುವವರ ಬೆನ್ನು ಗಟ್ಟಿಯಿರುವತನಕ. ಸ್ವಯಂಚಾಲಿತ ತೂಕದ ಹಿರಿಮೆ ಅದು ಇಡೀ ದಿನವನ್ನು ಬಿಡಿಸಿ ತೋರಿಸುತ್ತದೆಂಬುದರಲ್ಲಿದೆ. ಅಮೆರಿಕದ ಕೊಲೊರಾಡೊ ರಾಜ್ಯದ ಆಕ್ರಾನ್‌ನಲ್ಲಿ ಬ್ರಿಗ್ಸ್ ಮತ್ತು ಶಾಂಟ್ಜ್ ಎಂಬ ಇಬ್ಬರು ವಿಜ್ಞಾನಿಗಳು ಬಯಲಿನಲ್ಲಿಟ್ಟ ದೊಡ್ಡ ಕುಂಡಗಳನ್ನು ತಾನಾಗಿ ತೂಗಿ ದಾಖಲಿಸುವ ತಕ್ಕಡಿಯೊಂದನ್ನು ರೂಪಿಸಿ 1915ರಲ್ಲಿ ಅದರ ವಿವರ ಪ್ರಕಟಿಸಿದರು. ಇಂದು ಅದೇ ಕೆಲಸವನ್ನು ಅಂಗೈಯಷ್ಟು ಉದ್ದದ ಲೋಡ್ ಸೆಲ್ ಮಾಡುತ್ತದೆ. ದಿನಸಿ ಅಂಗಡಿಯ ಎಲೆಕ್ಟ್ರಾನಿಕ್ ತಕ್ಕಡಿಯೊಳಗೆ ಇರುವುದೂ ಇದೇ. ಭಾರ ಬಿದ್ದಾಗ ಕಣ್ಣಿಗೆ ಕಾಣದಷ್ಟು ಬಾಗುವ ಲೋಹದ ಪಟ್ಟಿ, ಆ ಬಾಗನ್ನು ವಿದ್ಯುತ್ ನಿರೋಧದ ಬದಲಾವಣೆಯಾಗಿ ಹಿಡಿಯುವ ತೆಳು ಹಾಳೆ, ಅದನ್ನು ಅಂಕಿಯಾಗಿಸುವ ಒಂದು ಚಿಪ್, ಹತ್ತು ನಿಮಿಷಕ್ಕೊಮ್ಮೆ ಬರೆದಿಡುವ ಒಂದು ದಾಖಲೆ ಯಂತ್ರ ಇಷ್ಟಿದ್ದರೆ ವ್ಯವಸ್ಥೆ ಸಿದ್ಧ. ಹೀಗೆ ಸಿಕ್ಕ ಅಂಕಿಗಳನ್ನು ಗೆರೆಯಾಗಿ ಎಳೆದರೆ ರಾತ್ರಿ ಗೆರೆ ಬಹುತೇಕ ಸಮತಟ್ಟಾಗಿರುತ್ತದೆ, ಸೂರ್ಯ ಮೇಲೇರಿದಂತೆ ಇಳಿಯತೊಡಗಿ ನಡುಹಗಲಿನಲ್ಲಿ ಕಡಿದಾಗುತ್ತದೆ, ಮೋಡ ಮುಚ್ಚಿದ ಗಳಿಗೆಯಲ್ಲಿ ಇಳಿಜಾರು ತಗ್ಗಿ ಸಂಜೆಗೆ ಮತ್ತೆ ಸಮತಟ್ಟಾಗುತ್ತದೆ. ಬಿಸಿಲು ಅಷ್ಟೇ ಇದ್ದರೂ ಮಧ್ಯಾಹ್ನದ ಹೊತ್ತಿಗೇ ಇಳಿತ ನಿಧಾನವಾಗಿದೆ ಎಂದರೆ ಗಿಡ ಎಲೆಗಳ ರಂಧ್ರಗಳನ್ನು ಮುಚ್ಚಿಕೊಂಡು ನೀರು ಉಳಿಸಿಕೊಳ್ಳುತ್ತಿದೆ ಎಂದೇ ಅರ್ಥ. ಎಲೆ ಬಾಡಿ ಜೋಲುವುದಕ್ಕೆ ಮೊದಲೇ ಇದು ತಿಳಿದುಬರುತ್ತದೆ. ನರ್ಸರಿಯವರಿಗೆ ಇದಕ್ಕಿಂತ ಬೆಲೆಬಾಳುವ ಸೂಚನೆ ಬೇರೊಂದಿಲ್ಲ.

ಆದರೆ ಅಂಗಡಿಯಲ್ಲಿ ಸಿಗುವ ಲೋಡ್ ಸೆಲ್ ತಂದು ಹಲಗೆಗೆ ಬಿಗಿದೊಡನೆ ಸತ್ಯ ಹೊರಬೀಳುತ್ತದೆ ಎಂದು ಯಾರೂ ತಿಳಿಯಬಾರದು. ಲೋಹ ಬಿಸಿಗೆ ಹಿಗ್ಗುತ್ತದೆ, ಅದರ ಗುಣವೂ ಬದಲಾಗುತ್ತದೆ. 20 ಕಿಲೋ ಸಾಮರ್ಥ್ಯದ ಸಾಧಾರಣ ಸೆಲ್ ಒಂದರಲ್ಲಿ ಉಷ್ಣತೆ 10 ಡಿಗ್ರಿ ಏರಿದರೆ ತೂಕದಲ್ಲಿ ಕೆಲವು ಗ್ರಾಂಗಳ ಸುಳ್ಳು ಏರಿಳಿತ ಕಾಣಿಸಿಕೊಳ್ಳಬಹುದು. ಬೆಳಗಿನ ಜಾವಕ್ಕೂ ಮಧ್ಯಾಹ್ನ ಎರಡು ಗಂಟೆಗೂ ತಾರಸಿಯಲ್ಲಿ ಅದಕ್ಕಿಂತ ಹೆಚ್ಚಿನ ಅಂತರವಿರುತ್ತದೆ. ಗಂಟೆಗೆ ಮೂವತ್ತು ನಲವತ್ತು ಗ್ರಾಂ ಕಳೆಯುವ ಗಿಡದ ಲೆಕ್ಕದಲ್ಲಿ ಇದು ಕಡೆಗಣಿಸುವಂಥದ್ದಲ್ಲ. ಇದಕ್ಕೆ ಪರಿಹಾರವಿದೆ: ಅದೇ ಬಗೆಯ ಇನ್ನೊಂದು ಸೆಲ್ಲಿನ ಮೇಲೆ ತೂಕ ಬದಲಾಗದ ಕಲ್ಲೊಂದನ್ನು ಇಟ್ಟು, ಆ ಕಲ್ಲಿನ ತೂಕದಲ್ಲಿ ತೋರುವ ಏರಿಳಿತವನ್ನು ಗಿಡದ ಅಂಕಿಯಿಂದ ಕಳೆಯಬೇಕು. ದಿನದಿಂದ ದಿನಕ್ಕೆ ಹೋಲಿಸುವಾಗ ಸೂರ್ಯೋದಯಕ್ಕೆ ಮೊದಲಿನ ತೂಕವನ್ನೇ ಹಿಡಿಯಬೇಕು, ಆಗ ಗಾಳಿಯೂ ಕಡಿಮೆ, ಉಷ್ಣತೆಯೂ ಹೆಚ್ಚುಕಡಿಮೆ ಒಂದೇ. ಗಾಳಿ ಬೀಸಿದಾಗ ಎತ್ತರದ ಗಿಡ ಸೆಲ್ಲನ್ನು ಅಲುಗಾಡಿಸುವುದರಿಂದ ಒಂದೇ ಅಂಕಿಯನ್ನು ನಂಬದೆ ಹಲವು ಅಂಕಿಗಳ ಸರಾಸರಿ ತೆಗೆಯಬೇಕು. ಡ್ರಿಪ್ ಕೊಳವೆಯ ತುದಿ ಕುಂಡದ ಅಂಚಿಗೆ ತಾಗಿದ್ದರೂ ಸಾಕು, ಕೊಳವೆಯ ಬಿಗಿ ತೂಕದೊಳಗೆ ಸೇರಿಕೊಳ್ಳುತ್ತದೆ. ಬಸಿದ ನೀರು ಕೆಳಗಿನ ತಟ್ಟೆಯಲ್ಲೇ ನಿಂತು ಆ ತಟ್ಟೆಯೂ ತಕ್ಕಡಿಯ ಮೇಲೆಯೇ ಇದ್ದರೆ ತಟ್ಟೆಯಿಂದ ಆವಿಯಾದದ್ದೂ ಗಿಡದ ಖಾತೆಗೇ ಬೀಳುತ್ತದೆ. ಮಣ್ಣಿನ ಕುಂಡವಾದರೆ ಅದರ ಗೋಡೆಯೂ ನೀರು ಬೆವರುತ್ತದೆ. ಹಾಗಾಗಿ ಅಳತೆಗೆ ಪ್ಲಾಸ್ಟಿಕ್ ಕುಂಡವನ್ನೇ ಬಳಸಬೇಕು, ಇಲ್ಲವೇ ಎರಡೂ ಬಗೆಯನ್ನು ಬೇರೆ ಬೇರೆ ಅಳೆದು ಹೇಳಬೇಕು. ಕೋತಿ, ಪಾರಿವಾಳಗಳ ವಿಷಯ ಬರೆಯಹೋದರೆ ಅದೇ ಇನ್ನೊಂದು ಪತ್ರವಾದೀತು.

ಇವುಗಳಿಗಿಂತ ನಾಜೂಕಾದ ದೋಷವೊಂದಿದೆ. ತೂಕ ಇಷ್ಟಕ್ಕಿಳಿದಾಗ ನೀರು ಬಿಡು, ಇಷ್ಟಕ್ಕೇರಿದಾಗ ನಿಲ್ಲಿಸು ಎಂದು ಯಂತ್ರಕ್ಕೆ ಹೇಳಿಬಿಟ್ಟರೆ ಮೊದಲ ವಾರ ಎಲ್ಲವೂ ಸರಿಯಾಗಿ ನಡೆಯುತ್ತದೆ. ಆದರೆ ಗಿಡ ಬೆಳೆಯುತ್ತಿರುತ್ತದೆ. ಒಂದು ತಿಂಗಳಲ್ಲಿ ಟೊಮ್ಯಾಟೊ ಗಿಡ ಕಾಯಿ ಸಮೇತ ಒಂದು ಕಿಲೋ ಹೆಚ್ಚಾಯಿತೆನ್ನೋಣ. ಯಂತ್ರ ಅದನ್ನೂ ನೀರೆಂದೇ ಎಣಿಸುವುದರಿಂದ, ಕುಂಡದಲ್ಲಿ ಇರಬೇಕಾದದ್ದಕ್ಕಿಂತ ಒಂದು ಲೀಟರ್ ಕಡಿಮೆ ನೀರನ್ನು ಇಟ್ಟುಕೊಂಡೇ ಎಲ್ಲವೂ ಸರಿಯಿದೆ ಎಂದು ವರದಿ ಕೊಡುತ್ತಿರುತ್ತದೆ. ಗಿಡ ದೊಡ್ಡದಾದಷ್ಟೂ ಬಾಯಾರುತ್ತ ಹೋಗುತ್ತದೆ. ಆದ್ದರಿಂದ ವಾರಕ್ಕೊಮ್ಮೆಯಾದರೂ ತಳದಿಂದ ಹರಿಯುವಂತೆ ನೀರು ಕೊಟ್ಟು, ಬಸಿದ ಮೇಲಿನ ತೂಕವನ್ನು ಹೊಸದಾಗಿ ಹಿಡಿದು, ಮಿತಿಗಳನ್ನು ತಿದ್ದಬೇಕು. ಸ್ವಯಂಚಾಲಿತ ಎಂಬ ಮಾತಿಗೆ ಮರುಳಾಗಿ ಈ ಕೆಲಸವನ್ನು ಬಿಟ್ಟವರು ಯಂತ್ರಕ್ಕಿಂತ ಬೆರಳನ್ನೇ ನಂಬಿದ್ದರೆ ಒಳ್ಳೆಯದಿತ್ತು.

ಹವಾಮಾನ ಇಲಾಖೆಯ ಅಂಕಿಗಳಿಂದಲೇ ಕುಂಡದ ನೀರನ್ನು ಲೆಕ್ಕ ಹಾಕಬಹುದಲ್ಲ, ತೂಗುವ ಗೊಡವೆಯೇಕೆ ಎಂದು ಬಲ್ಲವರು ಕೇಳಬಹುದು. ಹೊಲದ ಬೆಳೆಗೆ ಆ ದಾರಿ ಸರಿಯೇ. ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ 1998ರಲ್ಲಿ ಪ್ರಕಟಿಸಿದ ಸೂತ್ರದಂತೆ ಬಿಸಿಲು, ಗಾಳಿ, ತೇವಾಂಶ, ಉಷ್ಣತೆಗಳಿಂದ ದಿನಕ್ಕೆ ಎಷ್ಟು ಮಿಲಿಮೀಟರ್ ನೀರು ಆವಿಯಾಗುತ್ತದೆಂದು ತೆಗೆದು ಆಯಾ ಬೆಳೆಯ ನೀರಿನ ಬಳಕೆಗೆ ತಕ್ಕಂತೆ ಗೊತ್ತುಮಾಡಿದ ಗುಣಾಂಕದಿಂದ ಗುಣಿಸುತ್ತಾರೆ. ಅದನ್ನೇ ಕುಂಡಕ್ಕೆ ಹಚ್ಚಿದರೆ ಏನಾಗುತ್ತದೆ ನೋಡಿ. ಒಂದು ಮಿಲಿಮೀಟರ್ ಎಂದರೆ ಒಂದು ಚದರ ಮೀಟರಿಗೆ ಒಂದು ಲೀಟರ್. 30 ಸೆಂಟಿಮೀಟರ್ ಅಗಲದ ಕುಂಡದ ಬಾಯಿ ಸುಮಾರು 0.07 ಚದರ ಮೀಟರ್. ದಿನಕ್ಕೆ 5 ಮಿಲಿಮೀಟರ್ ಎಂದಿಟ್ಟುಕೊಂಡರೆ 350 ಮಿಲಿಲೀಟರ್ ಸಾಕು ಎಂಬ ಉತ್ತರ ಬರುತ್ತದೆ. ಆದರೆ ಆ ಕುಂಡದಲ್ಲಿರುವ ದಾಸವಾಳ ಕುಂಡದ ಅಂಚಿಗೆ ನಿಂತುಬಿಡುವುದಿಲ್ಲ. ಅದರ ಎಲೆಗಳ ಹರವು 60 ಸೆಂಟಿಮೀಟರ್ ಇದ್ದರೆ ಬಿಸಿಲು ಹಿಡಿಯುವ ವಿಸ್ತೀರ್ಣ ನಾಲ್ಕು ಪಟ್ಟಾಗಿ ಲೆಕ್ಕ 1.4 ಲೀಟರಿಗೆ ಏರುತ್ತದೆ. ಇನ್ನು ಸುತ್ತಲೂ ಕಾದ ಕಾಂಕ್ರೀಟ್, ಪಕ್ಕದ ಬಿಳಿ ಗೋಡೆಯಿಂದ ತಿರುಗಿ ಬೀಳುವ ಬಿಸಿಲು, ಒಂಟಿ ಗಿಡದ ಬದಿಗಳಿಗೆಲ್ಲ ಬಡಿಯುವ ಒಣಗಾಳಿ ಇವು ಹೊಲದ ನಡುವಿನ ಗಿಡಕ್ಕೆ ಇಲ್ಲದ ಹೊರೆಗಳು. ಶೇಡ್‌ನೆಟ್ ಕೆಳಗೆ ಒತ್ತೊತ್ತಾಗಿ ಇಟ್ಟ ಕುಂಡಗಳಲ್ಲೇ ಸಾಲಿನ ಅಂಚಿನವು ನಡುವಿನವಕ್ಕಿಂತ ಬೇಗ ಒಣಗುವುದನ್ನು ನರ್ಸರಿಯಲ್ಲಿ ಕೆಲಸ ಮಾಡುವ ಯಾರನ್ನು ಕೇಳಿದರೂ ಹೇಳುತ್ತಾರೆ. ಹೊಲಕ್ಕಾಗಿ ಮಾಡಿದ ಕೋಷ್ಟಕದಲ್ಲಿ ಇದಾವುದಕ್ಕೂ ಜಾಗವಿಲ್ಲ, ತೂಕದಲ್ಲಿ ಎಲ್ಲವೂ ಸೇರಿಯೇ ಬರುತ್ತದೆ.

ಅಂಕಿ ತಿಳಿದರೆ ನೀರು ಮಾತ್ರವೇ ಉಳಿಯುವುದಿಲ್ಲ. ಕುಂಡದ ಗಿಡಗಳು ನೀರಿನ ಕೊರತೆಯಿಂದ ಸಾಯುವಷ್ಟೇ ಅತಿಯಿಂದಲೂ ಸಾಯುತ್ತವೆ. ಕೊಕೊಪೀಟ್ ತನ್ನ ಒಣ ತೂಕದ ಹಲವು ಪಟ್ಟು ನೀರನ್ನು ಹಿಡಿದಿಡುತ್ತದೆ, ಆದರೆ ಅದರ ಮೇಲ್ಪದರ ಬೇಗ ಒಣಗಿ ಬಣ್ಣಗೆಡುತ್ತದೆ. ಅದನ್ನು ನೋಡಿ ಗಾಬರಿಯಿಂದ ಮತ್ತೆ ನೀರು ಸುರಿದರೆ ಬೇರಿಗೆ ಗಾಳಿ ಸಿಗದೆ ಕೊಳೆ ರೋಗ ಬರುತ್ತದೆ, ಹಾಕಿದ ಗೊಬ್ಬರ ತಳದಿಂದ ಕೊಚ್ಚಿಹೋಗುತ್ತದೆ. ಬಸಿಯಲೆಂದು ಕುಂಡದ ತಳದಲ್ಲಿ ಹೆಂಚಿನ ಚೂರು, ಜಲ್ಲಿ ತುಂಬುವ ರೂಢಿಯೂ ಇಲ್ಲಿ ನೆರವಾಗುವುದಿಲ್ಲ. ಕುಂಡ ಆಳವಿಲ್ಲದ್ದಾದ್ದರಿಂದ ಬಸಿದ ಮೇಲೂ ಮಿಶ್ರಣದ ಕೆಳಪದರ ತೊಯ್ದೇ ಇರುತ್ತದೆ, ಜಲ್ಲಿ ಹಾಕಿದರೆ ಆ ತೊಯ್ದ ಪದರ ಬೇರಿನ ಕಡೆಗೆ ಮೇಲಕ್ಕೆ ಸರಿಯುತ್ತದೆ ಅಷ್ಟೆ. ಮಿಶ್ರಣದ ಮೇಲ್ಮೈ ಮೋಸ ಮಾಡುವ ಇಂಥ ಕಡೆಗಳಲ್ಲಿ ತೂಕ ಮೋಸ ಮಾಡುವುದಿಲ್ಲ. ಆನ್‌ಲೈನಿನಲ್ಲಿ ನೂರಿನ್ನೂರು ರೂಪಾಯಿಗೆ ಮಾರುವ, ಎರಡು ಕಡ್ಡಿಗಳನ್ನು ಮಣ್ಣಿಗೆ ಚುಚ್ಚಿ ತೇವ ತೋರಿಸುವ ಸಾಧನಗಳ ಬಗ್ಗೆ ನನಗೆ ಒಳ್ಳೆಯ ಅಭಿಪ್ರಾಯವಿಲ್ಲ. ಅವು ಅಳೆಯುವುದು ಕಡ್ಡಿಯ ಸುತ್ತಲಿನ ಒಂದೆರಡು ಅಂಗುಲವನ್ನಷ್ಟೆ, ಗೊಬ್ಬರದ ಉಪ್ಪು ಹೆಚ್ಚಾದರೂ ತೇವವೆಂದೇ ತೋರಿಸುತ್ತವೆ, ಕಡ್ಡಿಗಳು ಬೇಗ ತುಕ್ಕು ಹಿಡಿಯುತ್ತವೆ.

ಈ ವಿದ್ಯೆ ನಮ್ಮ ಹತ್ತಿರವೇ ಇದೆ ಎಂಬುದು ನನ್ನ ಕೋರಿಕೆಗೆ ಬಲ. ಹೈದರಾಬಾದ್ ಬಳಿಯ ಪಟಾನ್‌ಚೆರುವಿನಲ್ಲಿರುವ, ಒಣ ಪ್ರದೇಶದ ಬೆಳೆಗಳ ಅಂತರರಾಷ್ಟ್ರೀಯ ಸಂಶೋಧನಾ ಸಂಸ್ಥೆಯಾದ ಇಕ್ರಿಸ್ಯಾಟ್‌ನಲ್ಲಿ ಮಣ್ಣು ತುಂಬಿದ ಉದ್ದನೆಯ ಪಿವಿಸಿ ಕೊಳವೆಗಳಲ್ಲಿ ಕಡಲೆ, ಸಜ್ಜೆ ಮುಂತಾದ ಬೆಳೆಗಳನ್ನು ಬೆಳೆದು, ಕೊಳವೆಗಳನ್ನು ಎತ್ತಿ ತೂಗಿ ನೀರಿನ ಬಳಕೆ ಅಳೆಯುತ್ತ ಬಂದಿದ್ದಾರೆ. ಎಲೆಯ ವಿಸ್ತೀರ್ಣವನ್ನು ಮೇಲಿನಿಂದ ಸ್ಕ್ಯಾನ್ ಮಾಡುತ್ತ ಕೆಳಗೆ ಲೋಡ್ ಸೆಲ್ಲಿನಿಂದ ತೂಗುವ ಲೀಸಿಸ್ಕ್ಯಾನ್ ಎಂಬ ವ್ಯವಸ್ಥೆಯೂ ಅಲ್ಲಿದೆ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ನಾನಾಜಿ ದೇಶಮುಖ್ ಹೆಸರಿನ ಸಸ್ಯ ಫಿನೋಮಿಕ್ಸ್ (ಗಿಡಗಳ ಬೆಳವಣಿಗೆ, ಗುಣಗಳನ್ನು ಯಂತ್ರಗಳಿಂದ ಅಳೆಯುವ ವಿದ್ಯೆ) ಕೇಂದ್ರ 2017ರಲ್ಲಿ ಉದ್ಘಾಟನೆಯಾಯಿತು. ನಮ್ಮ ಬೆಂಗಳೂರು ಕೃಷಿ ವಿಶ್ವವಿದ್ಯಾಲಯದ ಜಿಕೆವಿಕೆ ಆವರಣದ ಬೆಳೆ ಶರೀರಕ್ರಿಯಾ ವಿಭಾಗದಲ್ಲೂ ಲೋಡ್ ಸೆಲ್ ಆಧಾರಿತ ಕುಂಡಗಳಲ್ಲಿ ಬರ ಸಹಿಷ್ಣುತೆಯ ಅಧ್ಯಯನ ನಡೆಯುತ್ತದೆ. ಇವುಗಳ ಗುರಿ ಕಡಿಮೆ ನೀರಿನಲ್ಲಿ ಹೆಚ್ಚು ಬೆಳೆಯುವ ತಳಿಗಳನ್ನು ಹುಡುಕುವುದು. ಅದು ದೊಡ್ಡ ಕೆಲಸ, ಅದರಲ್ಲಿ ಎರಡು ಮಾತಿಲ್ಲ. ಮೇಲೆ ಹೇಳಿದ ಬ್ರಿಗ್ಸ್ ಮತ್ತು ಶಾಂಟ್ಜ್ ಅವರ ಕುಂಡಗಳಲ್ಲೇ ಒಂದು ಕಿಲೋ ಒಣ ಪದಾರ್ಥ ಬೆಳೆಸಲು ಸಿರಿಧಾನ್ಯಗಳಿಗೆ ಸುಮಾರು 300 ಕಿಲೋ, ಗೋಧಿಗೆ ಸುಮಾರು 500 ಕಿಲೋ, ಮೇವಿನ ಬೆಳೆಯಾದ ಕುದುರೆ ಮೆಂತ್ಯಕ್ಕೆ 800 ಕಿಲೋಗೂ ಮಿಕ್ಕಿ ನೀರು ಬೇಕೆಂಬುದು ಹೊರಬಿದ್ದಿತ್ತು. ರಾಗಿ, ಜೋಳದ ನಾಡಿನವರಾದ ನಾವು ಆ ಅಂಕಿಗಳ ಬೆಲೆಯನ್ನು ಬಲ್ಲೆವು. ಆದರೆ ಇಷ್ಟು ದುಬಾರಿ ವ್ಯವಸ್ಥೆಗಳ ಪಕ್ಕದಲ್ಲೇ ತುಳಸಿ, ದಾಸವಾಳ, ಗುಲಾಬಿ, ಕರಿಬೇವು, ಟೊಮ್ಯಾಟೊ, ಮೆಣಸಿನಕಾಯಿಯ ಒಂದೊಂದು ಕುಂಡವಿಟ್ಟು ಅವುಗಳ ದಿನದ ಅಂಕಿಯನ್ನು ಹೊರಗೆ ಕೊಟ್ಟರೆ ಯಾವ ಸಂಶೋಧನೆಗೂ ಅಡ್ಡಿಯಾಗದು.

ಪ್ರತಿ ಮನೆಯಲ್ಲೂ ತೂಕದ ಯಂತ್ರ ಇರಬೇಕೆಂದು ನಾನು ಹೇಳುತ್ತಿಲ್ಲ. ಮಳೆ ಮಾಪಕವೂ ಪ್ರತಿ ಮನೆಯಲ್ಲಿಲ್ಲ, ಆದರೂ ನಿನ್ನೆ ಎಷ್ಟು ಮಳೆಯಾಯಿತೆಂದು ಪತ್ರಿಕೆ ನೋಡಿ ತಿಳಿಯುತ್ತೇವೆ. ರಾಜ್ಯದಲ್ಲಿ ಹತ್ತು ಕೃಷಿ ಹವಾಮಾನ ವಲಯಗಳಿವೆ. ವಲಯಕ್ಕೊಂದರಂತೆ, ಈಗಾಗಲೇ ಕಾವಲುಗಾರರೂ ವಿದ್ಯುತ್ತೂ ಇರುವ ಕೃಷಿ ವಿಜ್ಞಾನ ಕೇಂದ್ರವನ್ನೋ ತೋಟಗಾರಿಕೆ ಇಲಾಖೆಯ ನರ್ಸರಿಯನ್ನೋ ಆಯ್ದು, ಆರೇಳು ಗಿಡ, ಗಿಡವಿಲ್ಲದ ಒಂದು ಕುಂಡ ಮತ್ತು ತೂಕ ಬದಲಾಗದ ಒಂದು ಕಲ್ಲು ಇರುವ ಕಟ್ಟೆ ಕಟ್ಟಿದರೆ ಸಾಕು. ಬೆಂಗಳೂರಿನ ಮಟ್ಟಿಗೆ ಲಾಲ್‌ಬಾಗ್‌ಗಿಂತ ತಕ್ಕ ಜಾಗವಿಲ್ಲ; ಅಲ್ಲಿಗೆ ಬರುವವರು ಅಂಕಿ ಬದಲಾಗುವುದನ್ನು ಕಣ್ಣಾರೆ ನೋಡಬಹುದು. ಗ್ರಾಮ ಪಂಚಾಯಿತಿ ಮಟ್ಟದ ಮಳೆ ಮಾಹಿತಿಯನ್ನು ಸಂಗ್ರಹಿಸಿ ಹಂಚುವ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರದ ಜಾಲದಲ್ಲೇ ಈ ಅಂಕಿಗಳೂ ಹರಿಯಬಹುದು. ಯಂತ್ರ ಕೊಳ್ಳುವುದಕ್ಕೆ ಬಜೆಟ್ಟಿನಲ್ಲಿ ಹಣ ಸಿಗುತ್ತದೆ, ವಾರಕ್ಕೊಮ್ಮೆ ತೂಕ ತಿದ್ದುವ ಮನುಷ್ಯನಿಗೆ ಸಿಗುವುದಿಲ್ಲ ಎಂಬುದು ನಮ್ಮ ಸರ್ಕಾರಿ ಯೋಜನೆಗಳ ಹಳೆಯ ಕಥೆ. ಆದ್ದರಿಂದ ಒಬ್ಬ ತರಬೇತಿ ಪಡೆದ ಸಿಬ್ಬಂದಿಯನ್ನು ಹೆಸರಿಸದ ಹೊರತು ಕಟ್ಟೆಯನ್ನೇ ಕಟ್ಟಬಾರದು. ಹೀಗೆ ಸಿಕ್ಕ ಅಂಕಿಗಳನ್ನು ಮನೆಗಳ ಮೇಲೆ ದಂಡ ಹಾಕುವ ಅಳತೆಗೋಲನ್ನಾಗಿ ಬಳಸಬಾರದೆಂದೂ ಕೋರುತ್ತೇನೆ, ಏಕೆಂದರೆ ಗಿಡದಿಂದ ಗಿಡಕ್ಕೆ ವ್ಯತ್ಯಾಸ ಸಹಜ.

ಅಲ್ಲಿಯವರೆಗೆ ಕಾಯಲಾರದ ಓದುಗರು ಪ್ರಯಾಣದ ಚೀಲ ತೂಗುವ ಕೊಕ್ಕೆಯ ಡಿಜಿಟಲ್ ತಕ್ಕಡಿಯಿಂದ ಒಂದು ಕುಂಡವನ್ನಾದರೂ ತೂಗಿ ನೋಡಬಹುದು. ಸಂಜೆ ನೀರು ಹಾಕಿ ಬಸಿಯಲು ಬಿಟ್ಟು, ಬೆಳಿಗ್ಗೆ ಬಿಸಿಲೇರುವ ಮೊದಲು ತೂಗಿ, ಮರುದಿನ ನೀರು ಹಾಕುವ ಮೊದಲು ಅದೇ ಹೊತ್ತಿಗೆ ಮತ್ತೆ ತೂಗಿದರೆ ಆ ಕುಂಡದ ಒಂದು ದಿನದ ಬಳಕೆ ಸಿಗುತ್ತದೆ. ಈ ತಕ್ಕಡಿಗಳು ಹತ್ತಾರು ಗ್ರಾಂ ಆಚೀಚೆ ತೋರಿಸಬಹುದು, ಆದರೆ ಅರ್ಧ ಲೀಟರೋ ಎರಡು ಲೀಟರೋ ಎಂಬ ವಿವಾದವನ್ನು ಬಗೆಹರಿಸಲು ಅಷ್ಟು ಸಾಕು. ಸರಾಸರಿ 700 ಮಿಲಿಲೀಟರ್ ಬಂತೆಂದರೆ ಅಂಥ ನಲವತ್ತು ಕುಂಡಗಳಿಗೆ ದಿನಕ್ಕೆ 28 ಲೀಟರ್, ಅಂದರೆ ತರಕಾರಿ ತೊಳೆದ ಎರಡು ಬಕೆಟ್ ನೀರಿನಲ್ಲಿ ಮುಗಿಯುವ ಲೆಕ್ಕ. ಅದೇ ತಾರಸಿಗೆ ನಿಮಿಷಕ್ಕೆ ಹತ್ತು ಲೀಟರ್ ಹರಿಸುವ ಪೈಪನ್ನು ಕಾಲು ಗಂಟೆ ಹಿಡಿದರೆ 150 ಲೀಟರ್ ಹೋಗಿರುತ್ತದೆ.

ತಮ್ಮ ಪತ್ರಿಕೆಗೂ ಒಂದು ವಿನಂತಿ. ಇಂಥ ಅಂಕಿಗಳು ಸಿಗತೊಡಗಿದ ದಿನ ಅವನ್ನು ಗರಿಷ್ಠ, ಕನಿಷ್ಠ ಉಷ್ಣಾಂಶದ ಕೆಳಗೆ ಒಂದು ಸಾಲಿನಲ್ಲಿ ಅಚ್ಚುಮಾಡಿ. ಆದರೆ ಬರೀ ಲೀಟರುಗಳನ್ನು ಕೊಡದೆ ಗಿಡದ ಹೆಸರು, ಕುಂಡದ ಅಗಲ, ಎಲೆಗಳ ಹರವು, ತುಂಬಿದ ಮಿಶ್ರಣ, ಬಯಲೋ ಶೇಡ್‌ನೆಟ್ಟೋ ಎಂಬ ಐದು ವಿವರಗಳನ್ನೂ ಜೊತೆಗೆ ಕೊಡಿ. ಅವಿಲ್ಲದಿದ್ದರೆ ಓದುಗರು ತಮ್ಮ ಮನೆಯ ಕುಂಡಕ್ಕೆ ಅದನ್ನು ಹೊಂದಿಸಿಕೊಳ್ಳಲು ಆಗದು.

ಇಂತಿ,
ನರ್ಸರಿ ಬೆಳೆಗಾರ,
ದೊಡ್ಡಬಳ್ಳಾಪುರ ತಾಲ್ಲೂಕು